ಅಪ್ಪನ ಪುಸ್ತಕ ಕೊನೆಗೂ ಇ-ಪಬ್ ಆಯಿತು

ಊರಿನ ಕೆರೆಗಳ ಬಗ್ಗೆ ಅಪ್ಪ ಬರೆದ 90 ಪುಟ ಹಳೆಯ ಆಸ್ಕಿ ಫಾಂಟಿನಲ್ಲಿತ್ತು. ಪಿಡಿಎಫ್ ಮಾಡಿದರೆ ಮೊಬೈಲಲ್ಲಿ ಇರುವೆ ಸಾಲು. ಅಕ್ಷರ ಬೇಕಾದಷ್ಟು ದೊಡ್ಡದಾಗುವ ಇ-ಪಬ್ ಎಂಬ ಇ-ಪುಸ್ತಕ ರೂಪವೇ ಬೇಕಿತ್ತು. ಫೈಲನ್ನು ಹಾಗೇ ಇ-ಪುಸ್ತಕ ಮಾಡುವ ಕ್ಯಾಲಿಬರ್ ತಂತ್ರಾಂಶಕ್ಕೆ ಕೊಟ್ಟೆ; ಬಂದದ್ದು ಲ್ಯಾಟಿನ್ ಅಕ್ಷರಗಳ ಸಂತೆ. ತಪ್ಪು ನನ್ನದೇ. ಆಸ್ಕಿಯಲ್ಲಿ ಕನ್ನಡ ಇರುವುದು ಫಾಂಟಿನ ಆಕಾರದಲ್ಲಷ್ಟೇ, ಒಳಗಿನ ಸಂಕೇತಗಳು ಬೇರೆಯವೇ.

ಕನ್ನಡ ಅಕ್ಷರಗಳಿಗೆ ತಮ್ಮದೇ ಸಂಕೇತಗಳಿರುವ ಯುನಿಕೋಡ್‌ಗೆ ಪರಿವರ್ತಿಸಿದೆ. ಅಲ್ಲಿ ಅರ್ಕಾವತ್ತು ಕಾಟ ಕೊಟ್ಟಿತು. ಆಸ್ಕಿಯಲ್ಲಿ ಅದು ಅಕ್ಷರದ ನಂತರ ಕೂತಿರುತ್ತದೆ, ಯುನಿಕೋಡ್‌ನಲ್ಲಿ ‘ರ್’ ಮೊದಲು ಬರಬೇಕು. ಹಾಗಾಗಿ ‘ಸೂರ್ಯ’ ಕೆಲವೆಡೆ ‘ಸೂಯ’ ಆಗಿ, ಬಾಲಕ್ಕೊಂದು ಅನ್ಯ ಅಕ್ಷರ ಅಂಟಿಸಿಕೊಂಡಿತ್ತು. ಲಿಬ್ರೆಆಫೀಸ್ ಎಂಬ ಬರಹದ ತಂತ್ರಾಂಶದಲ್ಲಿ ಆ ಬಾಲವನ್ನೇ ಹುಡುಕಿ ಒಂದೊಂದಾಗಿ ತಿದ್ದಿದೆ. ಎರಡು ಸಂಜೆ ಹೋಯಿತು. ‘ಪಂಪ್ಸೆಟ್’ ಎಂದಾಗಿದ್ದ ಕಡೆಯೆಲ್ಲ ‘ಪ್’ ಆದಮೇಲೆ ಮುಂದಿನ ಅಕ್ಷರ ಒತ್ತಾಗದಂತೆ ತಡೆಯುವ, ಕಣ್ಣಿಗೆ ಕಾಣದ ನಾನ್‌ಜಾಯ್ನರ್ ಸೇರಿಸಿದೆ, ‘ಪಂಪ್‌ಸೆಟ್’ ಆಯಿತು.

ಅಧ್ಯಾಯದ ಹೆಸರುಗಳಿಗೆ ಬರೀ ಬೋಲ್ಡ್ ಇತ್ತು; ಅದನ್ನು ತೆಗೆದು ‘ಹೆಡಿಂಗ್ 1’ ಶೈಲಿ ಕೊಟ್ಟೆ, ಪರಿವಿಡಿ ತಾನಾಗಿ ಬಂತು. ಕ್ಯಾಲಿಬರ್‌ನಲ್ಲಿ ನೋಟೋ ಸೆರಿಫ್ ಕನ್ನಡ ಫಾಂಟನ್ನು ಎಂಬೆಡ್ ಮಾಡಿದ, ಅಂದರೆ ಪುಸ್ತಕದೊಳಗೇ ಸೇರಿಸಿದ ಮೇಲೆ ಅಪ್ಪನ ಹಳೇ ಟ್ಯಾಬ್‌ನಲ್ಲೂ ಅಕ್ಷರಗಳ ಜಾಗದಲ್ಲಿ ಕಾಣುತ್ತಿದ್ದ ಖಾಲಿ ಡಬ್ಬಿಗಳು ಮಾಯ.

ಅಪ್ಪ ಅಕ್ಷರ ದೊಡ್ಡದು ಮಾಡಿಕೊಂಡು ಓದಿದರು. ‘ಕೆರೆ ಕೋಡಿ ಅಂತ ಬರೆದಿದ್ದೆ, ಇಲ್ಲಿ ಕೊಡಿ ಅಂತಿದೆಯಲ್ಲೋ!’