ಸ್ಟಿಕ್ಕರ್ ನಂಬಬೇಡಿ, ಪಿನ್ ಎಣಿಸಿ: ಬಾಲ್ಯದ ‘ಕಂಪ್ಯೂಟರ್ ಆಟಿಕೆ’ಯ ಗುರುತು ಹಿಡಿಯುವುದು ಹೇಗೆ?

ಅಟ್ಟ ಗುಡಿಸುವಾಗ ಹಳೇ ಸೂಟ್‌ಕೇಸಿನೊಳಗಿಂದ ಒಂದು ಕೀಬೋರ್ಡ್ ಸಿಗುತ್ತದೆ. ಬೂದು ಬಣ್ಣದ ಮೈ ಬಿಸ್ಕತ್ತಿನ ಬಣ್ಣಕ್ಕೆ ತಿರುಗಿದೆ. ನೆತ್ತಿಯ ಮೇಲೆ ಕ್ಯಾಸೆಟ್ ಸಿಕ್ಕಿಸುವ ಸೀಳು, ಹಿಂದೆ ಹಳದಿ ಮತ್ತು ಬಿಳಿ ತೂತು, ಪಕ್ಕದಲ್ಲಿ ಎರಡು ಜಾಯ್‌ಸ್ಟಿಕ್ಕಿಗೆ ಜಾಗ. 1990ರ ದಶಕದಲ್ಲೂ 2000ದ ಮೊದಲ ವರ್ಷಗಳಲ್ಲೂ ‘ಮಕ್ಕಳ ಕಂಪ್ಯೂಟರ್’ ಎಂದು ಮಾರಾಟವಾದ ಸಾಮಾನು ಇದು. ಟಿವಿಗೆ ಜೋಡಿಸಿದರೆ ಟೈಪಿಂಗ್ ಪಾಠ, ಕೂಡುವ ಕಳೆಯುವ ಲೆಕ್ಕ, ಒಂದಿಷ್ಟು ‘ಬೇಸಿಕ್’ ಎಂಬ ಪ್ರೋಗ್ರಾಮಿಂಗ್ ಭಾಷೆ. ಅಪ್ಪ ಮನೆಯಿಂದಾಚೆ ಹೋದರೆ ಮಾರಿಯೋ.

ಅದರ ಹೆಸರೇನೆಂದು ಕೇಳಿ ನೋಡಿ. ಅಣ್ಣ ಒಂದು ಹೇಳುತ್ತಾನೆ, ತಂಗಿ ಇನ್ನೊಂದು. ಇಬ್ಬರದೂ ಸರಿಯಿರಬಹುದು. ಒಂದೇ ಅಚ್ಚಿನ ಡಬ್ಬಿಗೆ ಮಾರುವವರು ತಮಗೆ ಬೇಕಾದ ಹೆಸರು ಅಂಟಿಸುತ್ತಿದ್ದ ಕಾಲ ಅದು. ಲಿಟಲ್ ಮಾಸ್ಟರ್, ಮೀಡಿಯಾ, ಟರ್ಮಿನೇಟರ್, ಮಿತಾಶಿ ಎಂದೆಲ್ಲ ನಮ್ಮಲ್ಲಿ ಕೇಳಿಬಂದ ಟಿವಿ ಗೇಮ್‌ಗಳ ಒಳಗೆ ಇದ್ದದ್ದು ಬಹುಪಾಲು ಒಂದೇ ವಂಶದ ಯಂತ್ರ: ಜಪಾನಿನ ನಿಂಟೆಂಡೋ ಕಂಪನಿ 1983ರ ಜುಲೈನಲ್ಲಿ ಬಿಡುಗಡೆ ಮಾಡಿದ ಫ್ಯಾಮಿಕಾಮ್‌ನ ನಕಲು. ಅದಕ್ಕೆ ಕೀಬೋರ್ಡಿನ ವೇಷ ತೊಡಿಸಿ ‘ಕಲಿಕಾ ಯಂತ್ರ’ ಎಂದು ಭರ್ಜರಿಯಾಗಿ ಮಾರಿದ್ದು ಚೀನಾದ ಜೋಂಗ್‌ಶಾನ್ ನಗರದ ಸುಬೋರ್ ಕಂಪನಿ. ಅಲ್ಲಿ ಮುಖ್ಯಸ್ಥನಾಗಿದ್ದ ದುವಾನ್ ಯೋಂಗ್‌ಪಿಂಗ್ 1995ರಲ್ಲಿ ಹೊರಬಂದು ಬಿಬಿಕೆ ಕಟ್ಟಿದ. ಒಪ್ಪೋ, ವಿವೋ ಫೋನುಗಳು ಹುಟ್ಟಿದ್ದು ಆ ಬಳಗದಿಂದ. ಅಟ್ಟದ ಆಟಿಕೆಗೂ ಕೈಯಲ್ಲಿರುವ ಫೋನಿಗೂ ದೂರದ ನೆಂಟಸ್ತಿಕೆ ಇದ್ದರೂ ಇರಬಹುದು.

ಇನ್ನೊಂದು ಮಾತು. ಕಾರ್ಟ್ರಿಜ್ ಎಂಬ ಪದ ನಮ್ಮಲ್ಲಿ ಬಳಕೆಗೆ ಬರಲೇ ಇಲ್ಲ. ಒಳಗೆ ಟೇಪು ಇಲ್ಲದಿದ್ದರೂ ಅದು ‘ಕ್ಯಾಸೆಟ್ಟು’. ಇಲ್ಲೂ ಹಾಗೇ ಕರೆಯೋಣ.

ಬೇಕಾದ ಸಾಮಾನು: ಸಣ್ಣ ಸ್ಟಾರ್ ಸ್ಕ್ರೂಡ್ರೈವರ್, ಮಲ್ಟಿಮೀಟರ್, ಸ್ಕೇಲು, ಇಯರ್‌ಬಡ್, ಶೇ 90ಕ್ಕಿಂತ ಹೆಚ್ಚು ಸಾಂದ್ರತೆಯ ಐಸೊಪ್ರೊಪೈಲ್ ಆಲ್ಕೋಹಾಲ್. ಬೆಂಗಳೂರಿನವರಿಗೆ ಎಸ್.ಪಿ. ರೋಡಿನಲ್ಲಿ ಎಲ್ಲವೂ ಸಿಗುತ್ತದೆ. ಬೇರೆ ಊರಿನವರು ಮೊಬೈಲ್ ರಿಪೇರಿ ಅಂಗಡಿಯಲ್ಲಿ ‘ಐಪಿಎ’ ಎಂದು ಕೇಳಿ.

ನೆನಪನ್ನು ಮೊದಲು ಕಾಗದಕ್ಕಿಳಿಸಿ

ಆಟಿಕೆ ಕೈಗೆ ಸಿಗದೆ ಬರೀ ನೆನಪೇ ಉಳಿದಿದ್ದರೆ, ಅಂತರ್ಜಾಲದಲ್ಲಿ ಚಿತ್ರ ಹುಡುಕುವ ಮೊದಲೇ ನೆನಪಿದ್ದಷ್ಟನ್ನು ಬರೆದಿಡಿ. ಹತ್ತು ಚಿತ್ರ ನೋಡಿದ ಮೇಲೆ ಹನ್ನೊಂದನೆಯದು ನಮ್ಮದೇ ಅನಿಸತೊಡಗುತ್ತದೆ. ಅದಕ್ಕೆ ಸ್ವಂತ ಪರದೆ ಇತ್ತೇ, ಟಿವಿಗೆ ಹಾಕಬೇಕಿತ್ತೇ? ಮಾತಾಡುತ್ತಿತ್ತೇ, ಬರೀ ಕೀಂ ಕೀಂ ಅನ್ನುತ್ತಿತ್ತೇ? ಸೆಲ್ ಹಾಕುತ್ತಿದ್ದರೋ, ಅಡಾಪ್ಟರೋ? ಕ್ಯಾಸೆಟ್ಟು ಮೇಲಿನಿಂದ ಇಳಿಯುತ್ತಿತ್ತೋ, ಪಕ್ಕದಿಂದ ತೂರುತ್ತಿತ್ತೋ? ಪೆನ್ನು, ಪುಸ್ತಕ, ಕಾರ್ಡು ಏನಾದರೂ ಜತೆಗಿತ್ತೇ? ಇಸವಿ ನೆನಪಾಗದಿದ್ದರೆ ಎಷ್ಟನೇ ಕ್ಲಾಸು, ಯಾವ ವಿಶ್ವಕಪ್ಪು ಎಂದು ಲೆಕ್ಕ ಹಾಕಿ.

ಬಣ್ಣದ ನೆನಪಿಗೆ ಮಾತ್ರ ಹೆಚ್ಚು ಬೆಲೆ ಕೊಡಬೇಡಿ. ಬೆಂಕಿ ಹತ್ತದಿರಲೆಂದು ಪ್ಲಾಸ್ಟಿಕ್ಕಿಗೆ ಬೆರೆಸಿದ ಬ್ರೋಮಿನ್ ಸಂಯುಕ್ತಗಳ ದೆಸೆಯಿಂದ ಬಿಳಿ, ಬೂದು ಮೈಗಳು ಬಿಸಿಲಿಗೆ, ಗಾಳಿಗೆ ಹಳದಿಯಾಗುತ್ತವೆ. ಈಗಿನ ಫೋಟೋದಲ್ಲಿ ಹಳದಿ ಕಂಡದ್ದು ಆಗ ಬೆಳ್ಳಗೇ ಇದ್ದಿರಬಹುದು.

ಮತ್ತೊಂದು ಗೊಂದಲ ಆಗಾಗ ಎದುರಾಗುತ್ತದೆ. 1980ರ ದಶಕದ ಶಾಲೆಯಲ್ಲಿ ಕಂಡದ್ದು, ಕೀಬೋರ್ಡಿನ ಮೇಲ್ಸಾಲಿನಲ್ಲಿ ಕೆಂಪು ಕೀಲಿಗಳ ಸಾಲು ಇತ್ತು ಎಂದರೆ ಅದು ಆಟಿಕೆಯಲ್ಲ. ಕೇಂದ್ರ ಸರ್ಕಾರದ ‘ಕ್ಲಾಸ್’ ಯೋಜನೆಯಡಿ 1984ರಿಂದ ಶಾಲೆಗಳಿಗೆ ಬಂದ ಬ್ರಿಟನ್ನಿನ ಬಿಬಿಸಿ ಮೈಕ್ರೋ ಇರಬೇಕು.

ಟಿವಿ ಬೇಡದ ಬಳಗ

ಇವುಗಳಲ್ಲಿ ಹೆಸರು ನಂಬಲರ್ಹ, ಹಾಗಾಗಿ ಬೇಗ ಮುಗಿಯುತ್ತದೆ. ಹೊರದೇಶದಿಂದ ಮಾವನೋ ಚಿಕ್ಕಪ್ಪನೋ ತಂದುಕೊಟ್ಟ, ಹಿಡಿಕೆಯಿರುವ, ಕಿತ್ತಳೆಗೆಂಪು ಬಣ್ಣದ, ಇಂಗ್ಲಿಷ್ ಪದ ಹೇಳಿ ಕಾಗುಣಿತ ಕೇಳುವ ಯಂತ್ರ ಎಂದರೆ ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್‌ನ ಸ್ಪೀಕ್ ಅಂಡ್ ಸ್ಪೆಲ್. 1978ರದ್ದು; ಮನುಷ್ಯನ ಧ್ವನಿಯನ್ನು ಒಂದೇ ಚಿಪ್ಪಿನಲ್ಲಿ ಹುಟ್ಟಿಸಿದ ಮೊದಲ ಗೃಹಬಳಕೆಯ ಸಾಮಾನುಗಳಲ್ಲೊಂದು. ಉಬ್ಬಿದ ಗುಂಡಿಗಳಿದ್ದರೆ ಮೊದಲ ಮಾದರಿ, ಚಪ್ಪಟೆ ಹಾಳೆಯ ಕೀಲಿಗಳಿದ್ದರೆ ನಂತರದ್ದು. ಇದರ ಕ್ಯಾಸೆಟ್ಟನ್ನು ಎಲ್ಲೂ ಕಾಣದೆ ‘ಇಲ್ಲ’ ಎಂದು ತೀರ್ಮಾನಿಸುವವರಿದ್ದಾರೆ. ಬ್ಯಾಟರಿ ಮುಚ್ಚಳ ತೆಗೆಯಿರಿ, ಆ ಗೂಡಿನೊಳಗೇ ಅದರ ಜಾಗ.

ಇಪ್ಪತ್ತು ಅಕ್ಷರದ ಒಂದೇ ಸಾಲಿನ ಪರದೆ, ಪೂರ್ತಿ ಕೀಬೋರ್ಡು, ಜತೆಗೆ ಬೇಸಿಕ್ ಇದ್ದರೆ ಹಾಂಗ್‌ಕಾಂಗ್‌ನ ವಿಟೆಕ್ ಕಂಪನಿಯ ಪ್ರಿಕಂಪ್ಯೂಟರ್ 1000 ಅಥವಾ ಅದರ ತಮ್ಮಂದಿರು. ಮೊದಲನೆಯದು ಬಂದದ್ದು 1988ರಲ್ಲಿ. ಸುರುಳಿ ಬೈಂಡಿಂಗಿನ ಪುಸ್ತಕವನ್ನು ಮೇಲಿಟ್ಟು ಪೆನ್ನಿನಿಂದ ಮುಟ್ಟಿದರೆ ಓದುತ್ತಿತ್ತೆಂದರೆ 1999ರ ಲೀಪ್‌ಪ್ಯಾಡ್. ಅದರ ಕ್ಯಾಸೆಟ್ಟು ಆಯಾ ಪುಸ್ತಕಕ್ಕೇ ಜೋಡಿ. ಬೇರೆ ಪುಸ್ತಕವಿಟ್ಟರೆ ಚಿತ್ರ ಒಂದು, ಮಾತು ಇನ್ನೊಂದು.

ಹೆಸರು ನಂಬಲರ್ಹ ಎಂದದ್ದಕ್ಕೂ ಒಂದು ಅಪವಾದವಿದೆ. ವಿಟೆಕ್‌ನವರದೇ, ಆದರೆ ಟಿವಿಗೆ ಜೋಡಿಸುವ, ವೈರಿಲ್ಲದ ಕೀಬೋರ್ಡಿನ ಸಾಕ್ರಟೀಸ್ ಅಮೆರಿಕದಲ್ಲಿ ಸಾಕ್ರಟೀಸ್ ಆದರೆ ಜರ್ಮನಿಯಲ್ಲೂ ಫ್ರಾನ್ಸಿನಲ್ಲೂ ‘ಎಲ್ಲ ಬಲ್ಲ ಪ್ರೊಫೆಸರ್’ ಎಂಬರ್ಥದ ಬೇರೆ ಬೇರೆ ಹೆಸರು ಹೊತ್ತಿತ್ತು. ದುಬೈನಿಂದ ಬಂತೋ, ಲಂಡನ್ನಿನಿಂದಲೋ ಎಂಬುದನ್ನು ಅದಕ್ಕೇ ಬರೆದಿಟ್ಟುಕೊಳ್ಳಬೇಕು.

ಕ್ಯಾಸೆಟ್ಟಿನ ಪಿನ್ ಎಣಿಕೆ

ಟಿವಿಗೆ ಹಾಕುವ ಬಳಗಕ್ಕೆ ಇದೇ ಜನ್ಮಪತ್ರಿಕೆ. ಕ್ಯಾಸೆಟ್ಟಿನ ಬಾಯನ್ನು ಬೆಳಕಿಗೆ ಹಿಡಿದು, ಹಸಿರು ಹಲಗೆಯ ಅಂಚಿನಲ್ಲಿ ಸಾಲಾಗಿರುವ ಹೊಂಬಣ್ಣದ ಪಟ್ಟಿಗಳನ್ನು ಒಂದು ಮಗ್ಗುಲಲ್ಲಿ ಮಾತ್ರ ಎಣಿಸಿ. ಫೋನಿನಲ್ಲಿ ಫೋಟೋ ತೆಗೆದು ಹಿಗ್ಗಿಸಿ ಎಣಿಸಿದರೆ ಕಣ್ಣಿಗೆ ಸುಲಭ.

ಒಂದು ಮಗ್ಗುಲಲ್ಲಿ 30 ಇದ್ದರೆ, ಅಂದರೆ ಒಟ್ಟು 60, ಫ್ಯಾಮಿಕಾಮ್ ವಂಶ. ನಮ್ಮಲ್ಲಿನ ಕೀಬೋರ್ಡ್ ಆಟಿಕೆಗಳಲ್ಲಿ ಹೆಚ್ಚಿನವು ಇವೇ. 36 ಇದ್ದರೆ ಅಮೆರಿಕ, ಯೂರೋಪಿನ ನಿಂಟೆಂಡೋ ಎನ್‌ಇಎಸ್. ಆಟ ಅವೇ, ಆದರೆ ಕ್ಯಾಸೆಟ್ಟು ಅದಲುಬದಲಾಗದು. 32 ಇದ್ದರೆ ಸೆಗಾ ಮೆಗಾ ಡ್ರೈವ್, 25 ಇದ್ದರೆ ಸೆಗಾ ಮಾಸ್ಟರ್ ಸಿಸ್ಟಮ್, 12 ಇದ್ದರೆ ಅಟಾರಿ 2600.

ಎಡವುವುದು 30 ಮತ್ತು 32ರ ನಡುವೆ. ಅಗ್ಗದ ಕ್ಯಾಸೆಟ್ಟುಗಳಲ್ಲಿ ಬಳಕೆಯಿಲ್ಲದ ಪಟ್ಟಿಗಳನ್ನು ಅಚ್ಚು ಹಾಕದೆ ಬಿಟ್ಟಿರುತ್ತಾರೆ, ಎಣಿಸಿದರೆ 27ಕ್ಕೋ 28ಕ್ಕೋ ನಿಲ್ಲುತ್ತದೆ. ಖಾಲಿ ಬಿಟ್ಟ ಜಾಗವನ್ನೂ ಲೆಕ್ಕಕ್ಕೆ ಹಿಡಿಯಿರಿ. ಅನುಮಾನ ಬಂದರೆ ಸ್ಕೇಲ್ ಇಡಿ: ಪಟ್ಟಿಯಿಂದ ಪಟ್ಟಿಗೆ 2.54 ಮಿ.ಮೀ., ಹಾಗಾಗಿ 30 ಪಟ್ಟಿಗೆ ಸುಮಾರು 76 ಮಿ.ಮೀ., 32ಕ್ಕೆ ಸುಮಾರು 81.

ಪಟ್ಟಿಗಳು ಕಪ್ಪಾಗಿದ್ದರೆ ಇಯರ್‌ಬಡ್ಡನ್ನು ಆಲ್ಕೋಹಾಲಿನಲ್ಲಿ ಅದ್ದಿ ಪಟ್ಟಿಯ ಉದ್ದಕ್ಕೆ ಉಜ್ಜಿ. ಅಡ್ಡ ಉಜ್ಜಿದರೆ ಕೊಳೆ ಒಂದರಿಂದ ಇನ್ನೊಂದಕ್ಕೆ ಬಳಿಯುತ್ತದೆ. ಬಾಯಿಂದ ‘ಉಫ್’ ಎಂದು ಊದುವ ಹಳೇ ವಿದ್ಯೆಯನ್ನು ಇನ್ನಾದರೂ ಬಿಡಿ. ಆಗ ಗೇಮ್ ಬರುತ್ತಿದ್ದದ್ದು ಊದಿದ್ದಕ್ಕಲ್ಲ, ತೆಗೆದು ಮತ್ತೆ ಹಾಕಿದ್ದಕ್ಕೆ. ಎಂಜಲಿನ ತೇವದಿಂದ ಲೋಹಕ್ಕೆ ಕಿಲುಬು ಹಿಡಿಯುತ್ತದೆ, ಅಷ್ಟೇ.

ಒಳಗಿನ ಚಿಪ್, ನಿಜವಾದ ಇಸವಿ

ಮೈ ಬಿಚ್ಚುವಾಗ ಅವಸರ ಬೇಡ. ಕೀಲಿಗಳ ಕೆಳಗಿನ ಹಾಳೆಯಿಂದ ಬರುವ ತೆಳು ಪಟ್ಟಿ ಇಷ್ಟು ವರ್ಷಕ್ಕೆ ಹಪ್ಪಳದಂತಾಗಿರುತ್ತದೆ. ಮೇಲ್ಭಾಗವನ್ನು ಪುಸ್ತಕದ ಹಾಗೆ ನಿಧಾನ ತೆರೆಯಿರಿ. ಹಲಗೆಯ ಮೇಲೆ ಎರಡು ದೊಡ್ಡ ಚಿಪ್‌ಗಳಿದ್ದು ಯುಎ 6527 ಮತ್ತು ಯುಎ 6528 ಎಂದು ಬರೆದಿದ್ದರೆ ತೈವಾನಿನ ಯುಎಂಸಿ ಕಂಪನಿಯ ತಯಾರಿ, ಅಮೆರಿಕ, ಜಪಾನಿನ ಎನ್‌ಟಿಎಸ್‌ಸಿ ಪದ್ಧತಿಯ ಟಿವಿಗಾಗಿ ಮಾಡಿದ್ದು. ಯುಎ 6527ಪಿ ಮತ್ತು ಯುಎ 6538 ಇದ್ದರೆ ಪಾಲ್ ಟಿವಿಯದ್ದು. ಭಾರತದ ಟಿವಿ ಪಾಲ್. ಚಿಪ್ಪೇ ಕಾಣದೆ ಕಪ್ಪು ಡಾಂಬರಿನ ಬೊಟ್ಟಿಟ್ಟ ಹಾಗಿದ್ದರೆ ಅದು ಇಡೀ ಯಂತ್ರವನ್ನು ಒಂದೇ ಚಿಪ್ಪಿಗೆ ಇಳಿಸಿದ ನಂತರದ ಮಾದರಿ. ಆ ಬೊಟ್ಟನ್ನು ಕೆರೆಯಬೇಡಿ, ಅಡಿಯಲ್ಲಿ ಕೂದಲೆಳೆಗಿಂತ ಸಣ್ಣ ತಂತಿಗಳಿರುತ್ತವೆ.

ಇಸವಿ ತಿಳಿಯಲು ಚಿಪ್‌ಗಳ ಮೇಲಿನ ನಾಲ್ಕಂಕಿ ನೋಡಿ. 9432 ಎಂದರೆ 1994ರ 32ನೇ ವಾರ. ಆದರೆ 7432, 7404 ಎಂದು ಕಂಡು ‘ಓಹೋ, 1974!’ ಎಂದು ಹಿಗ್ಗಬೇಡಿ; 74ರಿಂದ ಶುರುವಾಗುವುದು ಆ ಜಾತಿಯ ಚಿಪ್‌ಗಳ ಹೆಸರು, ತಾರೀಖಲ್ಲ. ಎಲ್ಲಕ್ಕಿಂತ ಹೊಸ ತಾರೀಖಿನ ಚಿಪ್ ಯಾವುದೋ ಆಟಿಕೆ ಅದರ ನಂತರ ತಯಾರಾದದ್ದು. ಟಿವಿ ಪರದೆಯಲ್ಲಿ ಮೂಡುವ 1985 ಎಂಬುದು ಆ ಆಟ ಹುಟ್ಟಿದ ವರ್ಷ. 2002ರಲ್ಲಿ ಕೊಂಡ ಕ್ಯಾಸೆಟ್ಟೂ ಅದನ್ನೇ ತೋರಿಸುತ್ತದೆ.

ಹಲಗೆಯ ಮೂಲೆಯಲ್ಲಿ ಬಿಳಿ ಅಕ್ಷರದಲ್ಲಿ ಅಚ್ಚಾದ ಸಂಖ್ಯೆ ಇದ್ದರೆ ಅದನ್ನು ಹಾಗೇ ಟೈಪಿಸಿ ಹುಡುಕಿ. ಡಬ್ಬಿಯ ಹೆಸರಿಗೆ ಸಿಗದ ಉತ್ತರ ಅದಕ್ಕೆ ಸಿಗುತ್ತದೆ.

ಕರೆಂಟು ಕೊಡುವ ಮುನ್ನ

ಆಟಿಕೆಗಳು ಸಾಯುವುದು ಹೆಚ್ಚಾಗಿ ಇಲ್ಲೇ. ಫ್ಯಾಮಿಕಾಮ್‌ನ ಅಡಾಪ್ಟರಿನಲ್ಲಿ ಪಿನ್ನಿನ ನಡುಭಾಗ ಮೈನಸ್, ಹೊರಗಿನ ಉಂಗುರ ಪ್ಲಸ್. ನಕಲುಗಳಲ್ಲಿ ಬಹಳಷ್ಟು ಹಾಗೇ ಇವೆ, ಎಲ್ಲವೂ ಅಲ್ಲ. ಈಗ ಅಂಗಡಿಯಲ್ಲಿ ಸಿಗುವ 9 ವೋಲ್ಟಿನ ಅಡಾಪ್ಟರುಗಳು ಸಾಮಾನ್ಯವಾಗಿ ಇದಕ್ಕೆ ತಿರುವುಮುರುವು. ತಿರುಗಿಸಿ ಕೊಟ್ಟರೆ ಒಂದೇ ಕ್ಷಣ ಸಾಕು.

ತೂತಿನ ಪಕ್ಕ ಗುರುತು ಇಲ್ಲದಿದ್ದರೆ ಹೀಗೆ ಪತ್ತೆ ಮಾಡಿ. ಹಲಗೆಯ ಮೇಲೆ ತಗಡಿನ ರೆಕ್ಕೆಗೆ ಬಿಗಿದ, ವೋಲ್ಟೇಜನ್ನು 5ಕ್ಕೆ ಇಳಿಸುವ, ಮೂರು ಕಾಲಿನ 7805 ಎಂಬ ರೆಗ್ಯುಲೇಟರ್ ಇರುತ್ತದೆ. ಅದರ ನಡುವಿನ ಕಾಲು ಗ್ರೌಂಡ್, ಅಂದರೆ ಮೈನಸ್. ಮಲ್ಟಿಮೀಟರನ್ನು ಬೀಪ್‌ಗೆ ಇಟ್ಟು, ಒಂದು ಕಡ್ಡಿಯನ್ನು ಆ ಕಾಲಿಗೂ ಇನ್ನೊಂದನ್ನು ಅಡಾಪ್ಟರ್ ತೂತಿನ ನಡುಗಡ್ಡಿಗೂ ಮುಟ್ಟಿಸಿ. ಬೀಪ್ ಬಂದರೆ ನಡುಭಾಗ ಮೈನಸ್. ಆಮೇಲೆ 9 ವೋಲ್ಟ್, 500 ಮಿಲಿಆಂಪ್ ಕೊಟ್ಟು, (ಅಕ್ಷರ ನಮ್ಮತ್ತ, ಕಾಲು ಕೆಳಗೆ ಇದ್ದಾಗ) ಬಲಗಡೆಯ ಕಾಲಿನಲ್ಲಿ 5 ವೋಲ್ಟ್ ಇದೆಯೇ ನೋಡಿ. ಅಲ್ಲಿ ಇಲ್ಲದಿದ್ದರೆ ಉಳಿದದ್ದನ್ನು ಪರೀಕ್ಷಿಸಿ ಪ್ರಯೋಜನವಿಲ್ಲ; ಹೊಸ 7805 ಹಾಕಿಸಿ ಮುಂದುವರಿಯಿರಿ.

ಟಿವಿಯ ಮುಂದೆ

ಹಳದಿ, ಬಿಳಿ ವೈರಿದ್ದರೆ ಎವಿಗೆ ಹಾಕಿ. ಆಂಟೆನಾ ವೈರು ಮಾತ್ರ ಇದ್ದರೆ ಟಿವಿಯ ಅನಲಾಗ್ ಹುಡುಕಾಟದಲ್ಲಿ ಕೆಳಗಿನ ವಿಎಚ್‌ಎಫ್ ಭಾಗದಿಂದ ಶುರು ಮಾಡಿ. ಇಲ್ಲಿ ಬರುವ ದೋಷಗಳೂ ಗುರುತೇ. ಚಿತ್ರವಿದ್ದು ಧ್ವನಿಯಿಲ್ಲವೇ? ಚಿತ್ರ ಮತ್ತು ಧ್ವನಿಯ ನಡುವಿನ ಅಂತರ ಎನ್‌ಟಿಎಸ್‌ಸಿಯಲ್ಲಿ 4.5, ನಮ್ಮ ಪಾಲ್‌ನಲ್ಲಿ 5.5 ಮೆಗಾಹರ್ಟ್ಸ್, ಯಂತ್ರ ಬೇರೆ ದೇಶದ ಮಾರುಕಟ್ಟೆಗಾಗಿ ಮಾಡಿದ್ದೆಂದು ಅರ್ಥ. ಹಳೇ ಟಿವಿಯಲ್ಲಿ ಚಿತ್ರ ಕಪ್ಪು ಬಿಳುಪಾಗಿ ಬಂದರೂ ಅದೇ ಕಾರಣ. ಚಪ್ಪಟೆ ಟಿವಿ ‘ನೋ ಸಿಗ್ನಲ್’ ಎಂದರೆ ಆಟಿಕೆ ಕೆಟ್ಟಿದೆಯೆಂದು ತೀರ್ಮಾನಿಸಬೇಡಿ, ಇವುಗಳ ಸಿಗ್ನಲ್ಲನ್ನು ಕೆಲವು ಹೊಸ ಟಿವಿಗಳು ಒಪ್ಪುವುದೇ ಇಲ್ಲ. ಬಾತುಕೋಳಿಗೆ ಹೊಡೆಯುವ ಗನ್ನು ಹಳೇ ಡಬ್ಬಿ ಟಿವಿಯಲ್ಲಷ್ಟೇ ಕೆಲಸ ಮಾಡುತ್ತದೆ.

ಮೊದಲು ಕ್ಯಾಸೆಟ್ಟಿಲ್ಲದೆ ಆನ್ ಮಾಡಿ. ಮೆನು ಬಂದರೆ ಪಾಠಗಳು ಯಂತ್ರದೊಳಗೇ ಇವೆ. ಬರೀ ಖಾಲಿ ಬಣ್ಣವೋ ಗೀಟುಗಳೋ ಬಂದರೆ ಟೈಪಿಂಗು, ಬೇಸಿಕ್ಕು ಎಲ್ಲ ಇದ್ದದ್ದು ಜತೆಗೆ ಕೊಟ್ಟ ಕ್ಯಾಸೆಟ್ಟಿನಲ್ಲಿ. ಅದು ಕಳೆದಿದ್ದರೆ ಕೀಬೋರ್ಡು ಅಲಂಕಾರಕ್ಕಷ್ಟೇ. ಬೇರೆಯವರ ಪಾಠದ ಕ್ಯಾಸೆಟ್ಟು ಹಾಕಿದಾಗ ಆಟ ಓಡುತ್ತದೆ, ಕೀಲಿ ಮಾತ್ರ ತಪ್ಪು ಅಕ್ಷರ ಮೂಡಿಸುತ್ತದೆ ಅಥವಾ ಸುಮ್ಮನಿರುತ್ತದೆ ಎನ್ನಿ. ಆಗ ಕೀಬೋರ್ಡಿನ ಜಾಲ, ಅಂದರೆ ಕೀಲಿಗಳ ಒಳಗಿನ ತಂತಿ ಜೋಡಣೆ, ಬೇರೆ. ನಿಂಟೆಂಡೋದ ಫ್ಯಾಮಿಲಿ ಬೇಸಿಕ್ ಕೀಬೋರ್ಡಿನ ಜಾಲವೊಂದು, ಸುಬೋರ್‌ನದು ಇನ್ನೊಂದು. ಹಳೇ ಯಂತ್ರವನ್ನು ಕಂಪ್ಯೂಟರಿನಲ್ಲೇ ಅನುಕರಿಸುವ ಎಫ್‌ಸಿಇಯುಎಕ್ಸ್ (FCEUX) ಎಂಬ ಎಮ್ಯುಲೇಟರಿನಲ್ಲಿ ಎರಡಕ್ಕೂ ಪ್ರತ್ಯೇಕ ಆಯ್ಕೆ ಇದೆ.

ಬೇಸಿಕ್ ತೆರೆದುಕೊಂಡರೆ ಒಂದು ಪರೀಕ್ಷೆ ಮಾಡಿ. ‘ಸ್ಪ್ರೈಟ್ ಆನ್’ (SPRITE ON) ಎಂದು ಇಂಗ್ಲಿಷಿನಲ್ಲಿ ಟೈಪಿಸಿ ಎಂಟರ್ ಒತ್ತಿ. ಮುಂದೆ ‘ಡೆಫ್ ಮೂವ್(0)=ಸ್ಪ್ರೈಟ್(0,3,1,200,0,0)’ (DEF MOVE, SPRITE), ಆಮೇಲೆ ‘ಮೂವ್ 0’ (MOVE). ಮಾರಿಯೋ, ಇಲ್ಲವೇ ಅವನ ಜಾಗದಲ್ಲಿ ಕೂರಿಸಿದ ಬೇರೆ ಬೊಂಬೆ, ಬಲಕ್ಕೆ ನಡೆದರೆ ಆ ಬೇಸಿಕ್ ನಿಂಟೆಂಡೋ, ಹಡ್ಸನ್, ಶಾರ್ಪ್ ಸೇರಿ 1984ರಲ್ಲಿ ತಂದ ಫ್ಯಾಮಿಲಿ ಬೇಸಿಕ್‌ನ ಸಂತಾನ. ದೋಷದ ಸಂದೇಶ ಬಂದರೆ ಬೇರೆ ಯಾರದೋ.

‘9999999 ಇನ್ 1’ ಕ್ಯಾಸೆಟ್ಟನ್ನು ಅದರ ಲೇಬಲ್ಲಿನಿಂದ ಗುರುತಿಸುವುದು ಆಗದ ಕೆಲಸ. ಮೆನುವಿನ ಮೊದಲ ಪುಟದ ಫೋಟೋ ತೆಗೆಯಿರಿ, ಹಿನ್ನೆಲೆಯ ಚಿತ್ರ ಬರೆದುಕೊಳ್ಳಿ, ಒಂದೊಂದೇ ಆಟ ತೆರೆದು ಬೇರೆ ಬೇರೆಯಾದವೆಷ್ಟು ಎಣಿಸಿ. ಸಾಮಾನ್ಯವಾಗಿ ಬೆರಳೆಣಿಕೆಯಷ್ಟು ಆಟವೇ ಹೆಸರು ಬದಲಿಸಿಕೊಂಡು, ಹೆಚ್ಚು ಜೀವ ಪಡೆದು, ಎರಡನೇ ಹಂತದಿಂದ ಶುರುವಾಗಿ ಪುಟಗಟ್ಟಲೆ ಬರುತ್ತಿರುತ್ತದೆ.

ಎಲ್ಲ ಮುಗಿದ ಮೇಲೆ ಪಿನ್ ಎಣಿಕೆ, ಚಿಪ್ ಹೆಸರು, ಅಡಾಪ್ಟರಿನ ದಿಕ್ಕು ಇಷ್ಟನ್ನು ಚೀಟಿಯಲ್ಲಿ ಬರೆದು ಡಬ್ಬಿಯೊಳಗಿಡಿ. ಸೆಲ್ ಇದ್ದರೆ ತೆಗೆಯಿರಿ. ಜಾಯ್‌ಸ್ಟಿಕ್ಕಿನ ವೈರನ್ನು ಕೀಬೋರ್ಡಿಗೇ ಸುತ್ತಿಡುವ ಅಭ್ಯಾಸ ಬೇಡ. ವೈರು ಮೆತ್ತಗಿರಲೆಂದು ಸೇರಿಸಿದ ಎಣ್ಣೆಯಂಥ ವಸ್ತು ವರ್ಷಗಳಲ್ಲಿ ಒಸರಿ ಪ್ಲಾಸ್ಟಿಕ್ಕನ್ನು ಕರಗಿಸಿ, ಮೈಮೇಲೆ ಬರೆ ಎಳೆದಂತೆ ಗುರುತು ಬಿಡುತ್ತದೆ. ವೈರನ್ನು ಹಳೇ ಬಟ್ಟೆಯಲ್ಲಿ ಸುತ್ತಿ ಪಕ್ಕಕ್ಕಿಡಿ, ಥರ್ಮಕೋಲಿಗೂ ತಾಗಿಸಬೇಡಿ.