ಮೈಸೂರ ಮಲ್ಲಿಗೆ ಮೂರು ಕಡೆ ಇತ್ತು

ಕೆ.ಎಸ್. ನರಸಿಂಹಸ್ವಾಮಿಯವರ ‘ಮೈಸೂರ ಮಲ್ಲಿಗೆ’ ಪುಸ್ತಕವಾಗಿ ಬಂದದ್ದು 1942ರಲ್ಲಿ. ಅದರ ಪದ್ಯಗಳು ಭಾವಗೀತೆಗಳಾಗಿ ಮನೆಮನೆ ಸೇರಿದವು. 1992ರಲ್ಲಿ ಟಿ.ಎಸ್. ನಾಗಾಭರಣ ಅದೇ ಹೆಸರಿನ ಸಿನಿಮಾ ಮಾಡಿದರು. ಸಿ. ಅಶ್ವಥ್ ಸಂಗೀತ ಕೊಟ್ಟರು. ಪುಸ್ತಕ, ಹಾಡು, ಸಿನಿಮಾ ಮೂರೂ ಆಯ್ತು. ನಮ್ಮ ಸೇವೆಯಲ್ಲೂ ಮೂರೂ ಇದ್ದವು. ಆದರೆ ಒಂದಕ್ಕೊಂದು ಮುಖಪರಿಚಯವೂ ಇರಲಿಲ್ಲ. ಆ ಹಾಡುಗಳನ್ನೇ ದಿನಾ ಕೇಳುವವರಿಗೆ ನಮ್ಮ ಪ್ರೋಗ್ರಾಮ್ ಸಿನಿಮಾ ತೋರಿಸುತ್ತಿರಲಿಲ್ಲ, ಪುಸ್ತಕವಂತೂ ಇಲ್ಲವೇ ಇಲ್ಲ. ಬದಲಿಗೆ ಆ ವಾರ ಎಲ್ಲರೂ ಕೇಳುತ್ತಿದ್ದ ಹೊಸ ಸಿನಿಮಾದ ಹಾಡು ತೋರಿಸುತ್ತಿತ್ತು.

ಹಾಡು, ಸಿನಿಮಾ, ಪುಸ್ತಕ ಮೂರನ್ನೂ ಒಂದೇ ಕಡೆ ಇಟ್ಟು, ಮುಂದೆ ನಿಮಗೆ ಯಾವುದು ಹಿಡಿಸಬಹುದು ಅಂತ ಹೇಳುವ ಸಣ್ಣ ಸೇವೆ ನಮ್ಮದು. ಕೆಲಸ ಮಾಡುವವರು ನಾಲ್ಕೇ ಜನ. ಶಿಫಾರಸಿನ ಭಾಗ ನನ್ನ ಪಾಲಿಗೆ ಬಂತು. ಅದನ್ನು ಸರಿಮಾಡಲು ನಾನು ಏನೇನು ಮಾಡಿದೆ ಅನ್ನುವುದನ್ನು ಬರೆಯುತ್ತಿದ್ದೇನೆ. ಇಂಥದ್ದೇ ಕೆಲಸಕ್ಕೆ ಕೈ ಹಾಕಿದವರಿಗೆ ಇದರಿಂದ ಕೆಲವು ತಿಂಗಳು ಉಳಿದರೂ ಸಾಕು.

ಎಲ್ಲರ ಹಾಗೆ ನಾನೂ ಲೆಕ್ಕದಿಂದಲೇ ಶುರು ಮಾಡಿದೆ. ಈ ವಿಷಯ ಕಲಿಯುವ ಯಾರಿಗಾದರೂ ಮೊದಲು ಸಿಗುವುದು ಮಿನೆಸೋಟ ವಿಶ್ವವಿದ್ಯಾಲಯದ ಗ್ರೂಪ್‌ಲೆನ್ಸ್ ತಂಡದ ಮೂವಿಲೆನ್ಸ್ ಡೇಟಾ. 943 ಜನ, 1682 ಸಿನಿಮಾ, ಒಂದು ಲಕ್ಷ ರೇಟಿಂಗ್. ಆಮೇಲೆ ನೆಟ್‌ಫ್ಲಿಕ್ಸ್ ಸ್ಪರ್ಧೆಯ ಕಥೆ. 2006ರ ಅಕ್ಟೋಬರ್‌ನಲ್ಲಿ ಅವರು ಹತ್ತು ಕೋಟಿಗೂ ಜಾಸ್ತಿ ರೇಟಿಂಗ್‌ಗಳನ್ನು ಎಲ್ಲರ ಮುಂದಿಟ್ಟು, ನಮ್ಮ ಅಂದಾಜಿನ ತಪ್ಪನ್ನು ಶೇಕಡಾ 10ರಷ್ಟು ಇಳಿಸಿದವರಿಗೆ ಹತ್ತು ಲಕ್ಷ ಡಾಲರ್ ಅಂದರು. ಗೆದ್ದವರು ಬಹುಮಾನ ತಗೊಳ್ಳುವ ಹೊತ್ತಿಗೆ 2009ರ ಸೆಪ್ಟೆಂಬರ್ ಆಗಿತ್ತು. ಮ್ಯಾಟ್ರಿಕ್ಸ್ ಫ್ಯಾಕ್ಟರೈಸೇಶನ್ ಎಲ್ಲರ ಬಾಯಲ್ಲಿ ಬಂದದ್ದು ಆ ಸ್ಪರ್ಧೆಯಿಂದಲೇ. ಪ್ರತಿಯೊಬ್ಬರ ರುಚಿಯನ್ನೂ ಪ್ರತಿ ಸಿನಿಮಾದ ಗುಣವನ್ನೂ ಒಂದಷ್ಟು ಅಂಕಿಗಳಾಗಿ ಒಡೆದು, ಎರಡನ್ನೂ ಗುಣಿಸಿ, ಎಷ್ಟು ಸ್ಟಾರ್ ಕೊಡಬಹುದು ಅಂತ ಹೇಳುವ ವಿಧಾನ ಅದು.

ನಾನೂ ಅದನ್ನೇ ಬರೆದೆ. ಮೂವಿಲೆನ್ಸ್ ಮೇಲೆ ಚೆನ್ನಾಗಿ ಬಂತು. ನಮ್ಮ ಸೇವೆಗೆ ಹಾಕಿದೆ. ಏನೂ ಬದಲಾಗಲಿಲ್ಲ. ಯಾಕೆಂದರೆ ನಮ್ಮಲ್ಲಿ ಸ್ಟಾರ್ ಕೊಡುವವರೇ ಕಡಿಮೆ. ಕೊಟ್ಟವರೂ ಐದು ಕೊಡುತ್ತಾರೆ, ಇಲ್ಲ ಒಂದು ಕೊಡುತ್ತಾರೆ. ಮಧ್ಯದ ಮೂರು ಸುಮ್ನೆ ಕೂತಿರುತ್ತವೆ. ಇನ್ನೊಂದು ಮಾತು. ಒಬ್ಬರು ಒಂದು ಸಿನಿಮಾಕ್ಕೆ 3.2 ಕೊಡುತ್ತಾರೋ 3.4 ಕೊಡುತ್ತಾರೋ ಅನ್ನುವುದನ್ನು ಸರಿಯಾಗಿ ಹೇಳಿ ಪ್ರಯೋಜನವಿಲ್ಲ. ಅವರ ಕಣ್ಣಿಗೆ ಬೀಳುವುದು ಮೊದಲ ಹತ್ತು ಹೆಸರು. ಆ ಹತ್ತು ಸರಿ ಇರಬೇಕು. ನೆಟ್‌ಫ್ಲಿಕ್ಸ್‌ನವರೂ ಗೆದ್ದ ತಂಡ ಕೊನೆಗೆ ಹಲವಾರು ವಿಧಾನ ಬೆರೆಸಿ ಮಾಡಿದ ಆ ದೊಡ್ಡ ಮಿಶ್ರಣವನ್ನು ಹಾಗೇ ಬಳಕೆಗೆ ತರಲಿಲ್ಲ. ಅದನ್ನು ಅಳವಡಿಸುವ ಶ್ರಮಕ್ಕೆ ಸಿಗುವ ಲಾಭ ಸಾಲದು ಅಂತ ಅವರೇ ಆಮೇಲೆ ಬರೆದರು.

ಲೆಕ್ಕ ಬದಿಗಿಟ್ಟು ಪಟ್ಟಿ ತೆರೆದು ನೋಡಿದೆ. ಅಲ್ಲಿತ್ತು ರೋಗ.

ಪಿ.ಬಿ. ಶ್ರೀನಿವಾಸ್ ಅವರನ್ನೇ ತಗೊಳ್ಳಿ. ಒಂದು ಕಡೆ ಪಿ.ಬಿ. ಶ್ರೀನಿವಾಸ್, ಇನ್ನೊಂದು ಕಡೆ ಪಿ.ಬಿ.ಎಸ್, ಮತ್ತೊಂದು ಕಡೆ ಶ್ರೀನಿವಾಸ ಪಿ.ಬಿ. ಇಂಗ್ಲಿಷ್ ಅಕ್ಷರದಲ್ಲಿ ಬರೆದವು ಬೇರೆ. ಕಂಪ್ಯೂಟರ್‌ಗೆ ಇವರೆಲ್ಲ ಬೇರೆ ಬೇರೆ ಗಾಯಕರು. ರಾಜ್‌ಕುಮಾರ್ ಹೆಸರಲ್ಲಿ ಇನ್ನೂ ಒಂದು ಸೂಕ್ಷ್ಮ ಇತ್ತು. ‘ಜ್’ ಆದ ಮೇಲೆ ‘ಕು’ ಒತ್ತಕ್ಷರವಾಗಿ ಕೆಳಗಿಳಿಯದೆ ಪಕ್ಕದಲ್ಲೇ ನಿಲ್ಲಬೇಕಾದರೆ ನಡುವೆ ಕಣ್ಣಿಗೆ ಕಾಣದ ಒಂದು ಯೂನಿಕೋಡ್ (ಕಂಪ್ಯೂಟರ್‌ಗಳೆಲ್ಲ ಒಪ್ಪಿದ ಅಕ್ಷರಸಂಕೇತ) ಅಕ್ಷರ ಇರಬೇಕು. ಕೆಲವರು ಅದನ್ನು ಹಾಕಿದ್ದರು, ಕೆಲವರು ಎರಡೆರಡು ಸಲ ಹಾಕಿದ್ದರು. ಪರದೆ ಮೇಲೆ ಒಂದೇ ಥರ ಕಾಣುವ ಎರಡು ಹೆಸರು ಹೋಲಿಸಿದರೆ ಬೇರೆ ಅಂತ ಬರುತ್ತಿತ್ತು. ಅದನ್ನು ಹಿಡಿಯಲು ನನಗೆ ಎರಡು ದಿನ ಬೇಕಾಯಿತು. ಈಗ ಯಾವುದೇ ಹೆಸರು ಒಳಗೆ ಬಂದರೂ ಹೋಲಿಕೆಗೆ ಮೊದಲು ಆ ಅಕ್ಷರ, ಚುಕ್ಕಿ, ಖಾಲಿ ಜಾಗ, ‘ಡಾಕ್ಟರ್’ ಎಲ್ಲ ತೆಗೆದ ಇನ್ನೊಂದು ರೂಪ ಮಾಡಿಟ್ಟುಕೊಳ್ಳುತ್ತೇವೆ. ತೋರಿಸುವಾಗ ಮಾತ್ರ ಪೂರ್ತಿ ಹೆಸರು.

ಪುಸ್ತಕಗಳ ಕಡೆ ಕಷ್ಟ ಇನ್ನೊಂದು ಥರ. ಪ್ರಕಾಶಕರು ಕಳಿಸುವ ಪಟ್ಟಿ ಎಷ್ಟೋ ಸಲ ಹಳೇ ನುಡಿ ಫಾಂಟ್‌ನಲ್ಲಿ ಇರುತ್ತದೆ. ಆ ಫಾಂಟ್ ಇಲ್ಲದ ಕಡೆ ತೆರೆದರೆ ಬರೀ ಗೀಚಿದ ಹಾಗೆ ಕಾಣುತ್ತದೆ. ಯೂನಿಕೋಡ್‌ಗೆ ಬದಲಿಸುವಾಗ ಅರ್ಕಾವತ್ತು ಕೈ ಕೊಡುತ್ತದೆ. ನುಡಿಯಲ್ಲಿ ಅದು ಅಕ್ಷರದ ನಂತರ ಬರುತ್ತದೆ, ಯೂನಿಕೋಡ್‌ನಲ್ಲಿ ‘ರ್’ ಮೊದಲೇ ಬರಬೇಕು. ಅದನ್ನು ಎತ್ತಿ ಮುಂದಿಡದಿದ್ದರೆ ‘ಸೂರ್ಯ’ನಿಂದ ‘ಕರ್ನಾಟಕ’ದವರೆಗೆ ಎಲ್ಲ ಕೆಡುತ್ತದೆ. ಹಾಗೆ ಕೆಟ್ಟ ಹೆಸರಿನ ಪುಸ್ತಕಗಳನ್ನು ಯಾರೂ ಹುಡುಕಿ ತೆಗೆದಿರಲಿಲ್ಲ. ಯಾರೂ ತೆಗೆಯದಿದ್ದಕ್ಕೆ ನಮ್ಮ ಪ್ರೋಗ್ರಾಮ್ ಅವನ್ನು ಯಾರಿಗೂ ಬೇಡವಾದ ಪುಸ್ತಕ ಅಂತ ಲೆಕ್ಕ ಹಾಕಿತ್ತು. ಒಳ್ಳೆಯ ಲೇಖಕರ ಪುಸ್ತಕಗಳು ಬರೀ ಅರ್ಕಾವತ್ತಿನ ದೆಸೆಯಿಂದ ಮೂಲೆ ಸೇರಿದ್ದವು. ಅವತ್ತು ನನಗೆ ನಿಜವಾಗಿಯೂ ಬೇಜಾರಾಯಿತು.

ಹೆಸರು ಒಂದಾಗಿಸುವ ಹುಮ್ಮಸ್ಸಿನಲ್ಲಿ ಒಂದು ತಪ್ಪೂ ಆಯಿತು. ಪುಟ್ಟಣ್ಣ ಕಣಗಾಲರ ‘ನಾಗರಹಾವು’ 1972ರದ್ದು. 2016ರಲ್ಲಿ ಕೋಡಿ ರಾಮಕೃಷ್ಣ ನಿರ್ದೇಶನದ ಇನ್ನೊಂದು ‘ನಾಗರಹಾವು’ ಬಂತು, ಅದರಲ್ಲಿ ಕಂಪ್ಯೂಟರ್‌ನಲ್ಲಿ ಮರುಸೃಷ್ಟಿಸಿದ ವಿಷ್ಣುವರ್ಧನ್ ಇದ್ದಾರೆ. ಹೆಸರೂ ಒಂದೇ, ನಟರೂ ಒಬ್ಬರೇ. ನನ್ನ ಪ್ರೋಗ್ರಾಮ್ ಎರಡನ್ನೂ ಸೇರಿಸಿ ಒಂದು ಮಾಡಿತು. ರಾಮಾಚಾರಿ, ಚಾಮಯ್ಯ ಮೇಷ್ಟ್ರ ಕಥೆ ಇಷ್ಟಪಟ್ಟವರಿಗೆ ಗ್ರಾಫಿಕ್ಸ್ ಹಾವುಗಳ ಸಿನಿಮಾಗಳು ಸಾಲಾಗಿ ಹೋದವು. ಆವತ್ತಿನಿಂದ ಹೆಸರಿನ ಜೊತೆ ವರ್ಷ ಮತ್ತು ನಿರ್ದೇಶಕರು ಹೊಂದದೆ ಎರಡು ಸಿನಿಮಾಗಳನ್ನು ಸೇರಿಸುವುದಿಲ್ಲ.

ಲೈಬ್ರರಿಯವರು ಇದನ್ನೆಲ್ಲ ನಮಗಿಂತ ಮೊದಲೇ ಯೋಚಿಸಿದ್ದಾರೆ. ಕೃತಿ ಬೇರೆ, ಅದರ ರೂಪ ಬೇರೆ, ಮುದ್ರಣ ಬೇರೆ, ಕೈಯಲ್ಲಿರುವ ಪ್ರತಿ ಬೇರೆ ಅಂತ ಗ್ರಂಥಾಲಯಗಳ ಅಂತಾರಾಷ್ಟ್ರೀಯ ಒಕ್ಕೂಟ ಇಫ್ಲಾ 1998ರಲ್ಲೇ ವಿಂಗಡಿಸಿಟ್ಟಿತ್ತು. ನಾವು ಅದನ್ನೇ ಹಾಡಿಗೂ ಹಚ್ಚಿದೆವು. ಒಂದು ಪದ್ಯ, ಅದನ್ನು ಹಾಡಿದ ಐದು ಜನ, ಆ ಹಾಡುಗಳು ಬಂದ ಹತ್ತು ಆಲ್ಬಂ. ಮೊದಲೆಲ್ಲ ಹತ್ತು ಶಿಫಾರಸಿನಲ್ಲಿ ನಾಲ್ಕು ಒಂದೇ ಹಾಡು ಆಗಿರುತ್ತಿತ್ತು, ಬೇರೆ ಬೇರೆ ಆಲ್ಬಂ ಹೆಸರಲ್ಲಿ. ಅದು ನಿಂತಿತು. ಪದ್ಯದಿಂದ ಪುಸ್ತಕಕ್ಕೂ ದಾರಿ ಸಿಕ್ಕಿತು. ‘ನಾಗರಹಾವು’ ನೋಡಿದವರಿಗೆ ಅದರ ಹಿಂದಿರುವ ತ.ರಾ.ಸು. ಅವರ ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’ ಮೂರೂ ಕಾದಂಬರಿ ತೋರಿಸಲು ಆಯಿತು. ಈ ಕೊಂಡಿಗಳನ್ನು ಕೈಯಾರೆ ಕೂತು ಹಾಕಿದ್ದೇವೆ. ಸಂಜೆ ಒಂದು ಗಂಟೆ ಅದಕ್ಕೇ ಮೀಸಲು. ನನ್ನ ಮಟ್ಟಿಗೆ ಸೇವೆ ಸುಧಾರಿಸಿದ್ದರಲ್ಲಿ ದೊಡ್ಡ ಪಾಲು ಈ ಸಂಜೆಗಳದ್ದು.

ಪಟ್ಟಿ ಶುದ್ಧವಾದ ಮೇಲೆ ಲೆಕ್ಕಕ್ಕೆ ವಾಪಸ್ ಬಂದೆ, ಆದರೆ ಸರಳವಾದದ್ದಕ್ಕೆ. ಇದನ್ನು ಕೇಳಿದವರು ಅದನ್ನೂ ಕೇಳಿದ್ದಾರೆ ಅನ್ನುವ ಲೆಕ್ಕ. ಅಮೆಜಾನ್‌ನವರು ವಸ್ತುವಿನಿಂದ ವಸ್ತುವಿಗೆ ಹೋಗುವ ಈ ವಿಧಾನದ ಬಗ್ಗೆ 2003ರಲ್ಲೇ ಬರೆದಿದ್ದಾರೆ. ಇದರಲ್ಲಿ ಒಂದು ಹಳ್ಳ ಇದೆ, ನಾನೂ ಬಿದ್ದೆ. ಒಂದು ಭಾವಗೀತೆಯನ್ನು 1000 ಜನ ಕೇಳಿದ್ದಾರೆ ಅನ್ನಿ. ಒಂದು ಹಿಟ್ ಹಾಡನ್ನು 8000 ಜನ. ಎರಡನ್ನೂ ಕೇಳಿದವರು 700. ಇನ್ನೊಂದು ಭಾವಗೀತೆಯನ್ನು ಕೇಳಿದವರು ಬರೀ 300, ಆದರೆ ಅವರಲ್ಲಿ 200 ಜನ ಮೊದಲಿನದನ್ನೂ ಕೇಳಿದವರು. ಸುಮ್ನೆ ತಲೆ ಎಣಿಸಿದರೆ 700 ಗೆಲ್ಲುತ್ತದೆ. ಹಿಟ್ ಹಾಡು ಎಲ್ಲದರ ಪಕ್ಕದಲ್ಲೂ ಹೋಗಿ ಕೂರುತ್ತದೆ. ಅದರ ಬದಲು, ಎರಡೂ ಹಾಡಿನ ಕೇಳುಗರ ಸಂಖ್ಯೆ ಗುಣಿಸಿ, ವರ್ಗಮೂಲ ತೆಗೆದು, ಎರಡನ್ನೂ ಕೇಳಿದವರ ಸಂಖ್ಯೆಯನ್ನು ಅದರಿಂದ ಭಾಗಿಸಬೇಕು. ಆಗ ಹಿಟ್ ಹಾಡಿಗೆ ಸಿಗುವುದು ಸುಮಾರು 0.25. ಚಿಕ್ಕ ಭಾವಗೀತೆಗೆ 0.37. ಈಗ ಸರಿಯಾದದ್ದು ಮೇಲೆ ಬಂತು, ಅಲ್ವಾ? ಒಂದು ಎಚ್ಚರ ಬೇಕು. ಕೇಳುಗರು ಮೂರೋ ನಾಲ್ಕೋ ಇರುವ ಹಾಡಿಗೆ ಈ ಅಂಕಿ ಸುಳ್ಳು ಸುಳ್ಳೇ ಮೇಲೇರುತ್ತದೆ. ಅದಕ್ಕೆ ಕೆಳಗೊಂದು ಮಿತಿ ಇಟ್ಟಿದ್ದೇವೆ. ಮಿತಿ ಮುಟ್ಟದ ಹೊಸ ಹಾಡು, ಸಣ್ಣ ಪ್ರಕಾಶಕರ ಹೊಸ ಪುಸ್ತಕ ಇವುಗಳಿಗಾಗಿ ಹತ್ತರಲ್ಲಿ ಒಂದು ಜಾಗ ಖಾಲಿ ಬಿಡುತ್ತೇವೆ. ಆ ಒಂದು ಜಾಗವನ್ನು ಯಾರು ಕೇಳಿದರೂ ನಾನು ಬಿಟ್ಟುಕೊಟ್ಟಿಲ್ಲ.

ಇಷ್ಟಾದರೂ ದೂರು ಬರುವುದು ನಿಲ್ಲಲಿಲ್ಲ. ಯಾಕೆ ಅಂತ ಗೊತ್ತಾದದ್ದು ಶಿವಮೊಗ್ಗದಲ್ಲಿ, ದೊಡ್ಡಮ್ಮನ ಮನೆಯಲ್ಲಿ. ಅವರು ಬೆಳಿಗ್ಗೆ ಕಾಫಿಗೆ ಡಿಕಾಕ್ಷನ್ ಹಾಕುತ್ತಾ ದೇವರನಾಮ ಹಚ್ಚಿದರು. ಮುಗಿದ ತಕ್ಷಣ ಅದೇ ಫೋನ್‌ನಲ್ಲಿ ಮಕ್ಕಳ ಹಾಡು ಶುರುವಾಯಿತು, ಅದರ ಹಿಂದೆ ಒಂದು ಕುಣಿತದ ಹಾಡು.

“ಏನೋ ಪುಟ್ಟಾ, ನಿನ್ನ ಆಪ್‌ಗೆ ಈ ಮನೇಲಿ ಎಷ್ಟು ಜನ ಇದೀವಿ ಅಂತಾನೂ ಗೊತ್ತಾಗಲ್ವೇನೋ?” ಅಂದರು.

“ಫೋನ್ ಒಂದೇ ಅಲ್ವಾ ದೊಡ್ಡಮ್ಮ, ಅದಕ್ಕೆ ಎಲ್ಲರೂ ಒಬ್ಬರೇ ಅಂತ ಕಾಣತ್ತೆ” ಅಂದೆ.

“ಒಂದೇ ಇರ್ಲಿ. ಬೆಳಿಗ್ಗೆ ಐದೂವರೆಗೆ ಮಗು ಎದ್ದಿರತ್ತಾ?”

ಅವತ್ತೇ ಬಸ್ಸಿನಲ್ಲಿ ಕೂತು ಬರೆದುಕೊಂಡೆ. ಒಂದು ಅಕೌಂಟ್ ಅಂದರೆ ಒಬ್ಬ ಮನುಷ್ಯ ಅನ್ನುವ ಲೆಕ್ಕ ನಮ್ಮ ಮನೆಗಳಿಗೆ ಹೊಂದುವುದಿಲ್ಲ. ಈಗ ದಿನವನ್ನು ನಾಲ್ಕು ಭಾಗ ಮಾಡಿದ್ದೇವೆ. ಬೆಳಗಿನ ರುಚಿ, ಮಧ್ಯಾಹ್ನದ ರುಚಿ, ಸಂಜೆಯದು, ರಾತ್ರಿಯದು ಬೇರೆ ಬೇರೆ. ಅದರ ಮೇಲೆ ಆಗಷ್ಟೇ ಕೇಳಿದ ಕೊನೆಯ ಮೂರು ಹಾಡುಗಳಿಗೆ ತೂಕ ಜಾಸ್ತಿ. ರಾತ್ರಿ ಒಂಬತ್ತಕ್ಕೆ ಮಗು ಹಟ ಮಾಡಿ ತನ್ನ ಹಾಡು ಹಾಕಿಸಿಕೊಂಡರೆ ಮುಂದಿನದು ಅದರ ಹಾಡೇ ಬರುತ್ತದೆ.

ಹಬ್ಬಗಳದ್ದೂ ಇದೇ ಕಥೆ. ಗಣೇಶನ ಹಬ್ಬದ ವಾರ ಎಲ್ಲ ಮನೆಯಲ್ಲೂ ಗಣಪತಿ ಹಾಡು. ಹಬ್ಬ ಮುಗಿದು ಗಣಪತಿ ನೀರು ಸೇರಿದರೂ ನಮ್ಮ ಪಟ್ಟಿಯಿಂದ ಇಳಿಯುತ್ತಿರಲಿಲ್ಲ. ನವೆಂಬರ್ ಒಂದರ ನಾಡಗೀತೆಗಳು ಡಿಸೆಂಬರ್‌ವರೆಗೂ ಬರುತ್ತಿದ್ದವು. ಹಬ್ಬದ ಹಾಡುಗಳಿಗೆ ಈಗ ಗುರುತು ಹಾಕಿದ್ದೇವೆ. ಅವು ಆ ದಿನಗಳಲ್ಲಿ ಮೇಲೆ ಬಂದು ಆಮೇಲೆ ಬೇಗ ಕೆಳಗಿಳಿಯುತ್ತವೆ, ಮನೆಯವರ ಉಳಿದ ರುಚಿಯನ್ನು ಮುಟ್ಟುವುದಿಲ್ಲ.

ಬೇಡ ಅನ್ನುವುದನ್ನು ತಿಳಿಯುವುದು ಬೇಕು ಅನ್ನುವುದಕ್ಕಿಂತ ಕಷ್ಟ. ಹಾಡನ್ನು ಹತ್ತು ಸೆಕೆಂಡಿಗೆ ದಾಟಿಸಿದರೆ ಅದು ಬೇಡ ಅಂತ ಹೇಳಿದ ಹಾಗೇ. ಸಿನಿಮಾ ಅರ್ಧಕ್ಕೆ ನಿಲ್ಲಿಸಿದರೆ ಹಾಗಲ್ಲ. ಕರೆಂಟ್ ಹೋಗಿರಬಹುದು, ನಾಳೆ ಡ್ಯೂಟಿ ಇರಬಹುದು, ಭಾನುವಾರ ವಾಪಸ್ ಬಂದು ನೋಡುತ್ತಾರೆ. ಪುಸ್ತಕವಂತೂ ತಿಂಗಳುಗಟ್ಟಲೆ ಮಂಚದ ಪಕ್ಕ ಇರುತ್ತದೆ. ಮೂರಕ್ಕೂ ಒಂದೇ ನಿಯಮ ಹಾಕಿದ್ದೆ, ಅದು ತಪ್ಪಾಗಿತ್ತು. ಈಗ ಸಿನಿಮಾಕ್ಕೆ ಎರಡು ವಾರ, ಪುಸ್ತಕಕ್ಕೆ ಮೂರು ತಿಂಗಳು ಕಾದು ಆಮೇಲೆ ತೀರ್ಮಾನ. ‘ಬೇಡ’ ಅನ್ನುವ ಬಟನ್ ಇತ್ತು, ಯಾರೂ ಒತ್ತುತ್ತಿರಲಿಲ್ಲ. ಒತ್ತಿದರೆ ಆ ಗಾಯಕರ ಹಾಡೇ ಮತ್ತೆ ಬರದಿದ್ದರೆ ಅನ್ನುವ ಭಯ ಅಂತ ಕೆಲವರು ಹೇಳಿದರು. ಅದನ್ನು ‘ಈಗ ಬೇಡ’, ‘ಈ ಹಾಡು ಬೇಡವೇ ಬೇಡ’ ಅಂತ ಎರಡು ಮಾಡಿದ ಮೇಲೆ ಜನ ಧೈರ್ಯವಾಗಿ ಒತ್ತತೊಡಗಿದರು. ನಮಗೆ ಇದಕ್ಕಿಂತ ಒಳ್ಳೆಯ ಮಾಹಿತಿ ಬೇರೆ ಎಲ್ಲೂ ಸಿಕ್ಕಿಲ್ಲ.

ಶಿಫಾರಸು ಸರಿ ಬರುತ್ತಿದೆಯಾ ಅಂತ ಪರೀಕ್ಷಿಸುವ ಬಗ್ಗೆ ಒಂದೇ ಮಾತು. ಹಳೆಯ ದಾಖಲೆಯಿಂದ ಅಲ್ಲೊಂದು ಇಲ್ಲೊಂದು ಹೆಕ್ಕಿ ಬಚ್ಚಿಟ್ಟು ಊಹಿಸಿ ನೋಡಬೇಡಿ. ಹಾಗೆ ಮಾಡಿದರೆ ಡಿಸೆಂಬರ್ ನೋಡಿ ನವೆಂಬರ್ ಊಹಿಸಿದ ಹಾಗೆ ಆಗುತ್ತದೆ, ಅಂಕ ಚೆನ್ನಾಗೇ ಬರುತ್ತದೆ. ಒಂದು ದಿನಾಂಕ ಗೊತ್ತುಮಾಡಿ, ಅದಕ್ಕಿಂತ ಹಿಂದಿನದರಿಂದ ಕಲಿಸಿ, ಮುಂದಿನದರ ಮೇಲೆ ನೋಡಿ. ನಾನು ಹಾಗೆ ಮಾಡಿದ ದಿನ ನನ್ನ ಅಂಕಗಳೆಲ್ಲ ಕುಸಿದವು. ನಿಜವಾದ ಕೆಲಸ ಅಲ್ಲಿಂದ ಶುರುವಾಯಿತು.

ಈಗ ‘ಮೈಸೂರ ಮಲ್ಲಿಗೆ’ಯ ಹಾಡು ಕೇಳಿದವರಿಗೆ ಅದರ ಕೆಳಗೆ ಪುಸ್ತಕದ ಮುಖಪುಟ ಕಾಣುತ್ತದೆ. ಪಕ್ಕದಲ್ಲಿ ಒಂದು ಸಾಲು: ‘ನೀವು ಈಗ ಕೇಳಿದ ಹಾಡು ಈ ಪುಸ್ತಕದ ಪದ್ಯ.’ ಯಾಕೆ ತೋರಿಸುತ್ತಿದ್ದೇವೆ ಅಂತ ಹೀಗೆ ಕಾರಣ ಹೇಳುವುದನ್ನು ಎಲ್ಲ ಶಿಫಾರಸಿಗೂ ತಂದಿದ್ದೇವೆ. ಕಾರಣ ಬರೆಯಲು ಬಾರದ ಶಿಫಾರಸನ್ನು ತೆಗೆದುಬಿಡುತ್ತೇವೆ. ದೊಡ್ಡಮ್ಮ ಪುಸ್ತಕ ತರಿಸಿಕೊಂಡಿದ್ದಾರೆ. ಹಾಡಿನಲ್ಲಿ ಬಿಟ್ಟ ಸಾಲುಗಳು ಪುಸ್ತಕದಲ್ಲಿ ಇವೆ ಅಂತ ಫೋನ್ ಮಾಡಿ ಎರಡು ಪದ್ಯ ಓದಿ ಹೇಳಿದರು.

ಸದ್ಯ ಯಕ್ಷಗಾನಕ್ಕೆ ಕೈ ಹಾಕಿದ್ದೇವೆ. ಅದು ಹಾಡೂ ಅಲ್ಲ, ಸಿನಿಮಾವೂ ಅಲ್ಲ. ಪ್ರಸಂಗ ಒಂದೇ ಇದ್ದರೂ ಒಂದು ರಾತ್ರಿಯ ಆಟ ಇನ್ನೊಂದು ರಾತ್ರಿಯ ಹಾಗೆ ಇರುವುದಿಲ್ಲ. ಎಷ್ಟೋ ಜನ ಪ್ರಸಂಗ ನೋಡಿ ಆರಿಸುವುದಿಲ್ಲ, ಹಾಡುವ ಭಾಗವತರು ಯಾರು ಅಂತ ನೋಡಿ ಆರಿಸುತ್ತಾರೆ. ತೆಂಕು ಶೈಲಿ ಕೇಳುವವರಿಗೆ ಬಡಗು ಶೈಲಿ ಕೊಟ್ಟರೆ ಹತ್ತು ಸೆಕೆಂಡೂ ನಿಲ್ಲುವುದಿಲ್ಲ. ಈ ವಾರದ ಸಂಜೆಗಳಲ್ಲಿ ಭಾಗವತರ ಹೆಸರು ತಿದ್ದುವ ಕೆಲಸ ನಡೆಯುತ್ತಿದೆ.