ಅರ್ಥ ಬರೆಸದೆ ‘ರನ್’ ಕಲಿಸಿದ್ದು: ನನ್ನ ಅನುಭವ

ಕನ್ನಡ ಮೀಡಿಯಂನಿಂದ ಬಂದ ಮಕ್ಕಳಿಗೆ ‘ರನ್’ ಪದ ಕಲಿಸಿ ಮುಗಿಸೋದು ಆಗದ ಮಾತು ಅಂತ ಹಾಸನದಲ್ಲಿ ನನ್ನ ಹಾಗೆ ಇಂಗ್ಲಿಷ್ ಟ್ಯೂಷನ್ ಮಾಡುವವರೆಲ್ಲ ಹೇಳಿದ್ದರು. ಈಗ ಆಗಿದೆ. ಕಳೆದ ಬ್ಯಾಚಿನಲ್ಲಿ ಇಪ್ಪತ್ತೈದರ ಆಸುಪಾಸು ಮಕ್ಕಳಿದ್ದರು. ಜಾಸ್ತಿ ಜನ ದುದ್ದ, ಶಾಂತಿಗ್ರಾಮ, ಆಲೂರು ಕಡೆಯವರು. ಹಿಂದೆಂದೂ ನೋಡಿರದ ವಾಕ್ಯ ಕೊಟ್ಟರೂ ಮುಕ್ಕಾಲು ಪಾಲು ಮಕ್ಕಳು ಅರ್ಥ ಹಿಡಿದರು. ಇದನ್ನು ಹಾಸನದಲ್ಲಿ ಬೇರೆ ಯಾರೂ ಮಾಡಿದ್ದು ನಾನಂತೂ ನೋಡಿಲ್ಲ.

“ಮೇಡಂ, ಆಕ್ಸ್‌ಫರ್ಡ್ ಡಿಕ್ಷನರಿಯವರೇ ಅದಕ್ಕೆ 645 ಅರ್ಥ ಎಣಿಸಿದ್ದಾರೆ. ನೀವು ಎಷ್ಟು ಅಂತ ಕಲಿಸ್ತೀರಾ?” ಅಂತ ಒಬ್ಬ ಮೇಷ್ಟ್ರು ಕೇಳಿದ್ದರು. ಲೆಕ್ಕ ನಿಜ. ಮೊದಲು ‘ಸೆಟ್’ ಮುಂದಿತ್ತು, 1989ರ ಆವೃತ್ತಿಯಲ್ಲಿ ಅದಕ್ಕೆ 430 ಅರ್ಥ. ಆಮೇಲೆ ರನ್ ಅದನ್ನು ಹಿಂದೆ ಹಾಕಿತು. ಆದರೆ ಪಿಯುಸಿ ಮುಗಿಸಿದ ಮಕ್ಕಳಿಗೆ ಇಪ್ಪತ್ತು ಗೊತ್ತಿದ್ದರೆ ಧಾರಾಳ. ಮಿಕ್ಕಿದ್ದನ್ನು ಅವರೇ ಊಹಿಸಬೇಕು. ನಾವು ಕಲಿಸಬೇಕಾದ್ದು ಆ ಊಹೆ.

ಅಲ್ಲಿಗೆ ಬರೋಕೆ ದುಡ್ಡು ಸುಮಾರು ಹೋಯಿತು. ಮೊದಲು ಫ್ಲೆಕ್ಸ್ ಚಾರ್ಟ್ ಮಾಡಿಸಿದೆ, ಎರಡೂವರೆ ಸಾವಿರದ ಹತ್ತಿರ. ಎಡಕ್ಕೆ ಇಂಗ್ಲಿಷ್ ವಾಕ್ಯ, ಬಲಕ್ಕೆ ಕನ್ನಡ ಅರ್ಥ. ಮಕ್ಕಳು ಬಾಯಿಪಾಠ ಮಾಡಿದರು. ಚಾರ್ಟ್ ಸುತ್ತಿಟ್ಟು ‘ನೋಸ್ ಈಸ್ ರನ್ನಿಂಗ್’ ಅಂದರೇನು ಅಂತ ಕೇಳಿದರೆ ‘ಮೂಗು ಓಡುತ್ತಿದೆ’ ಅಂದರು! ಆಮೇಲೆ ಜೆರಾಕ್ಸ್ ಪುಸ್ತಿಕೆ, ಒಂದಕ್ಕೆ ಅರವತ್ತು ರೂಪಾಯಿ. ಅರ್ಧಕ್ಕರ್ಧ ಉಳಿಯಿತು. ಪ್ರೊಜೆಕ್ಟರ್ ಬಾಡಿಗೆಗೆ ತಂದು ವಿಡಿಯೋ ತೋರಿಸಿದ್ದೂ ಆಯಿತು. ಮಕ್ಕಳು ಖುಷಿಯಾಗಿ ನೋಡಿದರು, ಮನೆಗೆ ಹೋದರು, ಅಷ್ಟೆ. ಎರಡು ತಿಂಗಳ ಕೋರ್ಸಿಗೆ ಸಾವಿರದ ಇನ್ನೂರು ಫೀಸು ತಗೊಳ್ಳುವ ನನಗೆ ಇದು ಸಣ್ಣ ಖರ್ಚಲ್ಲ.

ಕೊನೆಗೆ ಕೆಲಸಕ್ಕೆ ಬಂದದ್ದು ಚೀಟಿಗಳು. ರಟ್ಟು, ಸ್ಕೆಚ್ ಪೆನ್ನು ಎಲ್ಲ ಸೇರಿ ಇನ್ನೂರು ರೂಪಾಯಿ ದಾಟಿಲ್ಲ. ಚೀಟಿ ಮೇಲೆ ‘ರನ್’ ಇರೋದೇ ಇಲ್ಲ. ಬರೀ ನೋಸ್, ಟ್ಯಾಪ್, ರಿವರ್, ಹೋಟೆಲ್, ಬಸ್, ಕಲರ್ ಅಂತ ಇರುತ್ತೆ. ಅದಕ್ಕೆ ನಮ್ಮ ಮನೆಮಾತಿನಲ್ಲಿ ಏನು ಹೇಳ್ತೀವಿ ಅಂತ ಕೇಳ್ತೀನಿ. ಮೂಗು ಸೋರುತ್ತೆ, ನಲ್ಲೀಲಿ ನೀರು ಬರುತ್ತೆ, ಹೊಳೆ ಹರಿಯುತ್ತೆ, ಹೋಟೆಲ್ ನಡೆಸ್ತಾರೆ. ಎಲ್ಲ ಬೋರ್ಡ್ ಮೇಲೆ ಬಂದ ಮೇಲೆ, ಇಷ್ಟೂ ಜಾಗಕ್ಕೆ ಇಂಗ್ಲಿಷಿನವರು ಒಂದೇ ಪದ ಇಟ್ಟುಕೊಂಡಿದ್ದಾರೆ ಅಂತ ಹೇಳ್ತೀನಿ. ಅಲ್ಲಿಂದಾಚೆ ಅವರು ಪದದ ಕಡೆ ನೋಡಲ್ಲ, ಅದರ ಅಕ್ಕಪಕ್ಕ ನೋಡ್ತಾರೆ.

ಇದಕ್ಕೂ ಮುಂಚೆ ಅರ್ಧ ಗಂಟೆ ನಮ್ಮ ‘ಹಿಡಿ’ಗೆ ಕೊಡಬೇಕು, ಇದನ್ನು ಬಿಡಬೇಡಿ. ಬಸ್ ಹಿಡಿಯೋದು, ತುಕ್ಕು ಹಿಡಿಯೋದು, ಶೀತ ಹಿಡಿಯೋದು, ಮಳೆ ಹಿಡಿದುಕೊಳ್ಳೋದು. ಇದನ್ನೆಲ್ಲ ಯಾವ ಗೈಡ್ ಓದಿ ಕಲಿತಿರಿ ಅಂದರೆ ಅವರಿಗೇ ಆಶ್ಚರ್ಯ.

ಬಣ್ಣದ್ದು ಮಾತ್ರ ಕಣ್ಣಾರೆ ತೋರಿಸ್ತೀನಿ. ಕಟ್ಟಿನಕೆರೆ ಮಾರ್ಕೆಟ್ ಹತ್ತಿರ ಅಗ್ಗದ ಕೆಂಪು ಬ್ಲೌಸ್ ಪೀಸ್ ಸಿಗುತ್ತೆ. ಅದನ್ನು ಬಿಳಿ ಕರ್ಚೀಫಿನ ಜೊತೆ ಬಕೆಟ್ಟಿನಲ್ಲಿ ನೆನೆಸಬೇಕು. ನೀರು ಬಿಸಿ ಇದ್ದರೆ ಒಳ್ಳೇದು. ಐದು ನಿಮಿಷಕ್ಕೆ ನೀರು ಗುಲಾಬಿ, ಕರ್ಚೀಫಿನ ಅಂಚಲ್ಲಿ ಕೆಂಪು ಕೆಂಪು ಮಚ್ಚೆ. ‘ದ ಕಲರ್ ರ್‍ಯಾನ್’, ಅಂದರೆ ಬಣ್ಣ ಬಿಟ್ಟಿತು, ಅಂತ ಆಗ ಒಂದೇ ಸಲ ಹೇಳಿದರೆ ಸಾಕು.

ರೈತರ ಮನೆ ಮಕ್ಕಳಿಗೆ ‘ಡ್ರೈ ರನ್’ ಮೊದಲೇ ಗೊತ್ತು. ಬೋರಲ್ಲಿ ನೀರಿಲ್ಲದೆ ಮೋಟರ್ ಓಡಿ ಕಾಯಿಲ್ ಸುಟ್ಟಿರೋದು ನೋಡಿರ್ತಾರೆ. 2021ರ ಜನವರಿಯಲ್ಲಿ ಕೋವಿಡ್ ಲಸಿಕೆಯ ಡ್ರೈ ರನ್ ಅಂತ ಸುದ್ದಿ ಬಂದಿತ್ತಲ್ವಾ? ಅಲ್ಲಿ ಅದು ತಾಲೀಮು. ಎರಡನ್ನೂ ಪಕ್ಕಪಕ್ಕ ಬರೆದರೆ ಚರ್ಚೆ ನಿಲ್ಲೋದೇ ಇಲ್ಲ. ಚುನಾವಣೆಗೂ ರನ್ ಇದೆ. 1978ರಲ್ಲಿ ಇಂದಿರಾ ಗಾಂಧಿ ಪಕ್ಕದ ಚಿಕ್ಕಮಗಳೂರಿನ ಉಪಚುನಾವಣೆಗೆ ನಿಂತು ಗೆದ್ದರು. ‘ನಿಂತರು’ ಅಂತ ನಾವೂ ಅಂತೀವಿ, ಬ್ರಿಟಿಷರೂ ‘ಸ್ಟ್ಯಾಂಡ್’ ಅಂತಾರೆ. ಅಮೆರಿಕದವರಿಗೆ ಮಾತ್ರ ಅದು ‘ರನ್’. ಮಕ್ಕಳಿಗೆ ಈ ಉದಾಹರಣೆ ಬಹಳ ಹಿಡಿಸುತ್ತೆ.

‘ರನ್ ಔಟ್’ ಅಂದ ಕೂಡಲೇ ಹುಡುಗರು ಕ್ರಿಕೆಟ್ಟಿಗೆ ಹೋಗಿಬಿಡ್ತಾರೆ. ಮುಂದೆ ‘ಆಫ್’ (of) ಇದೆಯಾ ನೋಡಿ ಅಂತೀನಿ. ಇದ್ದರೆ ಸಕ್ಕರೆಯೋ ಪೆಟ್ರೋಲೋ ಖಾಲಿಯಾಗಿದೆ. ಇಂಥ ಜೋಡಿಪದಗಳನ್ನು ಎರಡನೇ ವಾರಕ್ಕೆ ಇಟ್ಟುಕೊಳ್ಳಿ, ಮೊದಲೇ ತಂದರೆ ಎಲ್ಲ ಕಲಸಿಹೋಗುತ್ತೆ. ಚೀಟಿ ಕೊಡುವ ಕ್ರಮದಲ್ಲೂ ಒಂದು ಕೀಲಿ ಇದೆ. ಯಾವ ಚೀಟಿ ಮೊದಲು, ಯಾವುದನ್ನು ಬೇಕಂತಲೇ ತಡಮಾಡಿ ಕೊಡ್ತೀನಿ ಅನ್ನೋದು ನನ್ನ ಹತ್ತಿರವೇ ಇರಲಿ. ನನ್ನ ಬ್ಯಾಚ್ ತುಂಬೋದೇ ಅದರಿಂದ.

ಇದೇ ಚೀಟಿಯಲ್ಲಿ ‘ಬ್ರೇಕ್’ ಮಾಡಿ ನೋಡಿದೆ, ಚೆನ್ನಾಗಿ ಬಂತು. ಲೋಟ ಒಡೆಯುತ್ತೆ, ಮಾತು ಮುರೀತಾರೆ, ದಾಖಲೆಯನ್ನೂ ಮುರೀತಾರೆ. ‘ಗೆಟ್’ ಮಾತ್ರ ಬಗ್ಗಲಿಲ್ಲ. ಅಲ್ಲಿ ಮೊದಲು ಬರುವ ಹೆಸರಿಂದ ಏನೂ ಗೊತ್ತಾಗಲ್ಲ. ಅವನಿಗೆ ಕಾಗದ ಬಂತೋ, ಸಿಟ್ಟು ಬಂತೋ, ಅವನು ಮನೆ ಮುಟ್ಟಿದನೋ, ಎಲ್ಲ ಆಮೇಲೆ ಬರುವ ಪದ ಹೇಳಬೇಕು. ಅದಕ್ಕೆ ಚೀಟಿ ತಿರುಗಿಸಿ, ಬಾಲದ ಕಡೆಯ ಪದಗಳನ್ನು ಮಾತ್ರ ಬರೀತಿದ್ದೀನಿ. ಜೂನ್ ಬ್ಯಾಚಿಗೆ ಹಾಕಿ ನೋಡ್ತೀನಿ.